ಕೊಡೋರು ಯಾರು?

2007ರ ಜೂನಿನಲ್ಲಿ ನಾನು ಬಿ.ಎಂ.ಎಂ. ಸೇರಿದಾಗ ಅದೇನೆಂದು ನೆಂಟರಿಗೆ ಹೇಳುವುದೇ ಒಂದು ಪರೀಕ್ಷೆಯಾಗಿತ್ತು. ಬ್ಯಾಚುಲರ್ ಆಫ್ ಮಾಸ್ ಮೀಡಿಯಾ ಅಂದರೆ ಕಲಬುರಗಿ ಕಡೆಯ ಒಬ್ಬರು "ಪೇಪರಿನವ್ರು ಅನ್ನು" ಎಂದರು, ಇನ್ನೊಬ್ಬರು "ಮೀಡಿಯಂ ಯಾವ್ದು, ಇಂಗ್ಲಿಷಾ?" ಎಂದರು. ಅಪ್ಪ ಸೆಂಟ್ರಲ್ ರೈಲ್ವೆಯಲ್ಲಿ ಗುಮಾಸ್ತರು. ಕಲ್ಯಾಣದ ರೈಲ್ವೆ ಕ್ವಾರ್ಟರ್ಸಿನಲ್ಲಿ ನಮ್ಮ ಮನೆ. ಅವರು ಫೀ ಕಟ್ಟಿ ಸುಮ್ಮನಾದರು. ಅವ್ವ ಮಾತ್ರ ರೊಟ್ಟಿ ಬಡಿಯುತ್ತ ಒಂದೊಂದಾಗಿ ಬಿಡಿಸಿ ಕೇಳಿದಳು. ಮಾತಾಡುವುದು ಹೇಗೆ ಅಂತ ಒಂದು ವಿಷಯ, ಪೇಪರು ಟಿವಿ ಹೇಗೆ ನಡೆಯುತ್ತವೆ ಅಂತ ಒಂದು, ಸರಕು ಮಾರುವುದು ಹೇಗೆ ಅಂತ ಒಂದು, ಆಮೇಲೆ ಕಥೆ ಕವಿತೆ ಅಂದೆ.

"ಮಾತಾಡೋದು, ಮಾರೋದು, ಕತಿ ಹೇಳೋದು. ಆಳಂದದ ಸಂತ್ಯಾಗ ಈ ಮೂರೂ ಪುಕ್ಕಟ ಕಲಸ್ತಾರ. ಇದಕ್ಕ ಮೂರು ವರ್ಷ ಬೇಕೇನೋ?"

ಬೇಕಿತ್ತೋ ಇಲ್ಲವೋ ಎಂದು ಆಗ ಯೋಚಿಸಿರಲಿಲ್ಲ. ಮುಂಬೈ ವಿಶ್ವವಿದ್ಯಾಲಯದ ಆ ಪದವಿಗೆ ಈಗ ಹೆಸರು ಬದಲಾಗಿದೆ. ನಮ್ಮ ಕಾಲಕ್ಕೆ ಅದು ಎಲ್ಲ ಪಲ್ಯವನ್ನೂ ಒಂದೇ ತಾಟಿನಲ್ಲಿ ಬಡಿಸಿದ ಊಟದಂತಿತ್ತು. ಸಮಾಜಶಾಸ್ತ್ರ, ಅರ್ಥಶಾಸ್ತ್ರ, ಮನಶ್ಶಾಸ್ತ್ರ, ಸಂವಹನ, ಮಾರ್ಕೆಟಿಂಗ್, ಸಾಹಿತ್ಯ, ಎಲ್ಲವೂ ಸ್ವಲ್ಪ ಸ್ವಲ್ಪ. ಮೂರನೆಯ ವರ್ಷಕ್ಕೆ ಪತ್ರಿಕೋದ್ಯಮ ಅಥವಾ ಜಾಹೀರಾತು, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ನಾನು ಜಾಹೀರಾತು ಆರಿಸಿಕೊಂಡೆ. ಟಿವಿಯಲ್ಲಿ ಬರುವ ಒಂದು ಸಾಲು ನನ್ನದಾಗಿರಬೇಕು ಎಂಬ ಆಸೆ ಬಿಟ್ಟರೆ ಅದಕ್ಕೆ ಬೇರೆ ಕಾರಣವಿರಲಿಲ್ಲ.

ನನ್ನ ಕನ್ನಡದ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ನಾನು ಕಲಿತದ್ದು ಇಂಗ್ಲಿಷ್ ಮಾಧ್ಯಮದಲ್ಲಿ, ಆಡಿದ್ದು ಮರಾಠಿಯಲ್ಲಿ. ಕನ್ನಡ ಅಕ್ಷರ ಕಲಿಸಿದವಳು ಅವ್ವ, ಪಾಟಿಯ ಮೇಲೆ, ಬೇಸಿಗೆ ರಜೆಗಳಲ್ಲಿ. ಆದ್ದರಿಂದ ನನ್ನ ಬಾಯಿಯ ಕನ್ನಡ ಕಲಬುರಗಿಯದು, ಓದಿನ ಕನ್ನಡ ಬೇರೆಲ್ಲಿಯದೋ. ಪತ್ರಿಕೆಯ ಕನ್ನಡವನ್ನು ನಾನು ಹೆಚ್ಚುಕಡಿಮೆ ಪರಭಾಷೆಯ ಹಾಗೆ ಕಲಿತವನು. ಹೈದರಾಬಾದಿನಲ್ಲೋ ಪುಣೆಯಲ್ಲೋ ಬೆಳೆದ ನಿಮ್ಮಲ್ಲಿ ಕೆಲವರಿಗೆ ಇದು ಗೊತ್ತಿರುವ ಕಥೆಯೇ ಇರಬೇಕು. ನಮ್ಮ ಸಂವಹನದ ಪತ್ರಿಕೆಯಲ್ಲಿ ಅನುವಾದದ ಪ್ರಶ್ನೆಯೂ ಇತ್ತು: ಇಂಗ್ಲಿಷಿನಿಂದ ಹಿಂದಿಗೆ ಅಥವಾ ಮರಾಠಿಗೆ. ಕನ್ನಡಕ್ಕೆ ಮಾಡಬಹುದೇ ಎಂದು ಕೇಳಬೇಕು ಅಂತಲೂ ನನಗೆ ಹೊಳೆಯಲಿಲ್ಲ. ಕನ್ನಡ ಅಡುಗೆಮನೆಯದು, ಕಾಲೇಜಿನದಲ್ಲ.

ಸಂವಹನದ ಮೊದಲ ಪಾಠ ಒಂದು ಚಿತ್ರ. ಎಡಗಡೆ ಒಂದು ಡಬ್ಬಿ, ಬಲಗಡೆ ಒಂದು ಡಬ್ಬಿ, ನಡುವೆ ಬಾಣ. ಎಡದವನು ಕಳಿಸುವವನು, ಬಲದವನು ಪಡೆಯುವವನು, ಬಾಣದ ಮೇಲೆ ಅಂಕುಡೊಂಕು ಗೀಟು ಎಳೆದು 'ನಾಯ್ಸ್', ಗದ್ದಲ, ಎಂದು ಬರೆಯಬೇಕು. ಇದು ಕ್ಲಾಡ್ ಶ್ಯಾನನ್ 1948ರಲ್ಲಿ ಕೊಟ್ಟ ಮಾದರಿ. ಬೆಲ್ ಲ್ಯಾಬ್ಸಿನಲ್ಲಿದ್ದ ಅವನಿಗೆ ಬೇಕಾಗಿದ್ದು ತಂತಿಯಲ್ಲಿ ಹೋಗುವ ಸಂಕೇತ ಕೆಡದೆ ತಲುಪುವುದು ಹೇಗೆ ಎಂಬ ಲೆಕ್ಕ. ಅರ್ಥ ತನ್ನ ಲೆಕ್ಕದ ಹೊರಗಿನದು ಎಂದು ಅವನೇ ಮೊದಲಿಗೆ ಹೇಳಿಕೊಂಡಿದ್ದಾನೆ. ನಮ್ಮ ಟಿಪ್ಪಣಿಗಳಲ್ಲಿ ಆ ಮಾತು ಇರಲಿಲ್ಲ. ಟೆಲಿಫೋನಿನ ಚಿತ್ರವನ್ನು ನಾವು ಮನುಷ್ಯರ ಚಿತ್ರವೆಂದು ಮೂರು ವರ್ಷ ಬಿಡಿಸಿದೆವು. ಶ್ಯಾನನ್ ಜೊತೆ ಹೆಸರು ಸೇರಿರುವ ವಾರನ್ ವೀವರ್ 1949ರಲ್ಲಿ ಯಂತ್ರಾನುವಾದದ ಬಗ್ಗೆ ಒಂದು ಟಿಪ್ಪಣಿ ಬರೆದ. ರಷ್ಯನ್ ಲೇಖನವನ್ನು ನೋಡಿದರೆ, ಇದು ನಿಜಕ್ಕೂ ಇಂಗ್ಲಿಷಿನಲ್ಲೇ ಇದೆ, ಬೇರೆ ಗುರುತುಗಳಲ್ಲಿ ಬಚ್ಚಿಟ್ಟಿದ್ದಾರೆ ಅಷ್ಟೇ ಎಂದುಕೊಳ್ಳಬಹುದಲ್ಲ ಎಂಬುದು ಅವನ ಊಹೆ. ಅದನ್ನು ನಾನು ಓದಿದ್ದು ಬಹಳ ತಡವಾಗಿ, ಪುಣೆಯಲ್ಲಿ ಭಾಷಾವಿಜ್ಞಾನದ ಎಂ.ಎ. ಮಾಡುವಾಗ. ಅಷ್ಟರಲ್ಲಿ ಅನುವಾದದಿಂದಲೇ ಮನೆ ಬಾಡಿಗೆ ಕಟ್ಟುತ್ತಿದ್ದೆ. ನನ್ನ ಗಿರಾಕಿಗಳೆಲ್ಲ ವೀವರನ ಮೊಮ್ಮಕ್ಕಳ ಹಾಗೆ ಕಂಡರು.

ಎರಡನೆಯ ವರ್ಷದಲ್ಲಿ ಒಂದು ಸಂಜೆ ಮಾಧ್ಯಮದ ಇತಿಹಾಸವನ್ನು ಗಟ್ಟಿಯಾಗಿ ಉರು ಹೊಡೆಯುತ್ತಿದ್ದೆ. ಸ್ಯಾಟಲೈಟ್ ಇನ್‌ಸ್ಟ್ರಕ್ಷನಲ್ ಟೆಲಿವಿಷನ್ ಎಕ್ಸ್‌ಪೆರಿಮೆಂಟ್, ಸೈಟ್. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ. ಅಮೆರಿಕದ ನಾಸಾದ ಎಟಿಎಸ್-6 ಉಪಗ್ರಹ, ನಮ್ಮ ಇಸ್ರೋದ ಯೋಜನೆ. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳು. ಕರ್ನಾಟಕದಲ್ಲಿ ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳು. ಬೆಳಿಗ್ಗೆ ಶಾಲೆ ಮಕ್ಕಳಿಗೆ, ಸಂಜೆ ದೊಡ್ಡವರಿಗೆ. ಒಂದೊಂದನ್ನೂ ಮೂರು ಸಲ ಹೇಳುತ್ತಿದ್ದೆ.

ಒಲೆಯ ಕಡೆಯಿಂದ ಅವ್ವ ಅಂದಳು: "ಗುಲಬರ್ಗಾ ಅಂದೇನು? ನಮ್ಮೂರಾಗೂ ಟಿವಿ ಬಂದಿತ್ತಲ್ಲ. ಸಾಲಿ ಕಟ್ಟಿ ಮ್ಯಾಲ."

ನಾನು ಪುಸ್ತಕ ಮಡಚಿದೆ. ಅವ್ವನಿಗೆ ಆಗ ಹನ್ನೊಂದು ವರ್ಷ. ಅವಳು ಹೇಳಿದ್ದು ನನ್ನ ಟಿಪ್ಪಣಿಯಲ್ಲಿ ಇಲ್ಲದ್ದೆಲ್ಲ. ಶಾಲೆಯ ಮಾಳಿಗೆಯ ಮೇಲೆ ಕೋಳಿಗೂಡಿನ ಜಾಲರಿಯಂಥ ದೊಡ್ಡ ಕೊಡೆ. ಟಿವಿಗೆ ಕಟ್ಟಿಗೆಯ ಪೆಟ್ಟಿಗೆ, ಅದಕ್ಕೆ ಬಾಗಿಲು, ಬಾಗಿಲಿಗೆ ಕೀಲಿ, ಕೀಲಿ ಮಾಸ್ತರರ ಜನಿವಾರದಲ್ಲಿ. ಸಂಜೆ ಗಂಡಸರು ಮುಂದೆ, ಹೆಂಗಸರು ಗೋಡೆಗೆ ಒತ್ತಿ ಹಿಂದೆ, ಮಕ್ಕಳು ಸಿಕ್ಕಲ್ಲಿ. ಮೊದಲ ವಾರ ಊರಿಗೆ ಊರೇ ಬಂದಿತ್ತಂತೆ. ಆಮೇಲೆ ದನ ಕರು ಹಾಲು ಅಂತ ಹೆಂಗಸರು ಬರುವುದು ಕಡಿಮೆಯಾಯಿತು. ಅವ್ವ ಮಾತ್ರ ತಪ್ಪಿಸಲಿಲ್ಲ.

"ತಿಳೀತಿತ್ತಾ?" ಎಂದು ಕೇಳಿದೆ.

"ಕನ್ನಡ ಕನ್ನಡನೇ. ಆದ್ರ ಅವ್ರದು."

ಅವಳಿಗೆ ಚೆನ್ನಾಗಿ ನೆನಪಿದ್ದದ್ದು ಒಂದು ಸಂಜೆ. ಮಕ್ಕಳಿಗೆ ಚುಚ್ಚುಮದ್ದು ಹಾಕಿಸಿ ಎಂದು ಟಿವಿಯಲ್ಲಿ ಒಬ್ಬ ಹೆಣ್ಣುಮಗಳು ನಗುತ್ತ ಹೇಳಿದಳು. ಹಿಂದೆ ಕೂತ ಮುದುಕಿಯರಲ್ಲಿ ಗುಸುಗುಸು ಶುರುವಾಯಿತು. ನಮ್ಮ ಕಡೆ ಸೂಜಿ ಮಾಡಿಸುತ್ತಾರೆ, ದವಾ ಕುಡಿಸುತ್ತಾರೆ. ಮದ್ದು ಹಾಕುವುದೆಂದರೆ ಆಗದವರಿಗೆ ಊಟದಲ್ಲಿ ಕಲಸಿ ಕೊಡುವುದು. ಸರ್ಕಾರದವರು ಮಕ್ಕಳಿಗೆ ಮದ್ದು ಹಾಕುತ್ತಾರಂತೆ ಎಂದು ಇಬ್ಬರು ಮೂವರು ಮೊಮ್ಮಕ್ಕಳನ್ನು ಎತ್ತಿಕೊಂಡು ಹೋಗಿಯೇಬಿಟ್ಟರು. ಅದು ತುರ್ತುಪರಿಸ್ಥಿತಿಯ ವರ್ಷ ಬೇರೆ. ಸರ್ಕಾರಿ ಜೀಪು ಕಂಡರೇ ಜನ ಹಿಂದೆ ಸರಿಯುತ್ತಿದ್ದ ಕಾಲ. ಮಾಸ್ತರರು ಕಾರ್ಯಕ್ರಮ ಮುಗಿದ ಮೇಲೆ ಪೆಟ್ಟಿಗೆಗೆ ಕೀಲಿ ಹಾಕಿ, ಅದಕ್ಕೇ ಬೆನ್ನು ಕೊಟ್ಟು ನಿಂತು, ಟಿವಿ ಹೇಳಿದ್ದನ್ನೆಲ್ಲ ಮತ್ತೆ ಊರ ಮಾತಿನಲ್ಲಿ ಹೇಳಿದರಂತೆ. ಆವತ್ತಿನಿಂದ ಅದೇ ರೂಢಿಯಾಯಿತು. "ಟಿವಿ ಅರ್ಧಾ ತಾಸು, ಮಾಸ್ತರು ಅರ್ಧಾ ತಾಸು. ನಮಗ ಮಾಸ್ತರಂದೇ ಛೊಲೊ ಅನಸ್ತಿತ್ತು. ಅವ್ರಿಗಿ ತಿರುಗಿ ಕೇಳ್ಲಿಕ್ಕ ಬರ್ತಿತ್ತು."

ಒಂದು ವರ್ಷವಾದ ಮೇಲೆ ಅಮೆರಿಕದವರು ಉಪಗ್ರಹವನ್ನು ತಮ್ಮ ಕಡೆಗೆ ಸರಿಸಿಕೊಂಡರು. ಕಲಬುರಗಿಗೆ 1977ರಲ್ಲಿ ನೆಲದ ಮೇಲಿನ ಪ್ರಸಾರಕೇಂದ್ರ ಬಂತು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ. ನಮ್ಮ ಜಿಲ್ಲೆ ರಾಜಧಾನಿಗಿಂತ ಮುಂಚೆ ಟಿವಿ ನೋಡಿದೆ ಎಂದು ಬೆಂಗಳೂರಿನ ಗೆಳೆಯರಿಗೆ ಹೇಳಿದರೆ ಈಗಲೂ ನಂಬುವುದಿಲ್ಲ. ಇರಲಿ. ಎಟಿಎಸ್-6 ಒಂದು ಚಿತ್ರದ ಜೊತೆ ಎರಡು ಧ್ವನಿಗಳನ್ನು ಕಳಿಸಬಲ್ಲದಾಗಿತ್ತು. ಒಂದೇ ಚಿತ್ರವನ್ನು ಎರಡು ಭಾಷೆಗಳಲ್ಲಿ ಕೇಳಿಸಬಹುದಿತ್ತು. ಮೂರನೆಯ ಧ್ವನಿಯನ್ನು ಮಾಸ್ತರರು ತಮ್ಮ ಖರ್ಚಿನಲ್ಲಿ ಸೇರಿಸಿದ್ದರು.

ಪರೀಕ್ಷೆಯಲ್ಲಿ ಸೈಟ್ ಬಗ್ಗೆ ಪ್ರಶ್ನೆ ಬಂತು. ನಾನು ಮಾಸ್ತರರನ್ನೂ ಮುದುಕಿಯರನ್ನೂ ಬರೆದೆ. ಹದಿನೈದಕ್ಕೆ ಆರು ಅಂಕ ಬಿತ್ತು. ಅದರಲ್ಲಿ ದೂರುವಂಥದ್ದೇನೂ ಇಲ್ಲ, ಉದ್ದೇಶಗಳ ಪಟ್ಟಿ ಬರೆಯುವುದನ್ನು ನಾನೇ ಮರೆತಿದ್ದೆ. ಆದರೆ ಒಂದು ಮಾತು ಉಳಿದುಕೊಂಡಿತು. ಚಿತ್ರದ ಬಲಗಡೆಯ ಡಬ್ಬಿಯಲ್ಲಿ ನಮ್ಮ ಅವ್ವ ಕೂತಿದ್ದಳು, ಮತ್ತು ಆ ಚಿತ್ರ ಬರೆದ ಯಾರೂ ಅವಳನ್ನು ಏನೂ ಕೇಳಿರಲಿಲ್ಲ.

ಮಾರ್ಕೆಟಿಂಗ್ ತರಗತಿಯಲ್ಲಿ ಕೇಳುತ್ತಿದ್ದರು. ಅದಕ್ಕೇ ಇರಬೇಕು, ಆ ತರಗತಿ ನನಗೆ ಬಹಳ ಇಷ್ಟವಾಯಿತು. ಸಾಹಿತ್ಯದ ಮಂದಿ ಮಾರ್ಕೆಟಿಂಗ್ ಅಂದರೆ ಮೂಗು ಮುರಿಯುತ್ತಾರೆ, ನಾನು ಮುರಿಯುವುದಿಲ್ಲ. ಮೆಕಾರ್ಥಿಯ ನಾಲ್ಕು 'ಪಿ'ಗಳು, ಕೋಟ್ಲರನ ದಪ್ಪ ಪುಸ್ತಕ, ಇವೆಲ್ಲ ಉರು ಹೊಡೆಯುವ ಸರಕು. ಆದರೆ ಅಲ್ಲಿ ಮೊದಲ ದಿನದಿಂದ ಕೇಳುತ್ತಿದ್ದ ಪ್ರಶ್ನೆ ಒಂದೇ: ಇದು ಯಾರಿಗೆ? ಅವಳ ವಯಸ್ಸೆಷ್ಟು, ಬೆಳಿಗ್ಗೆ ಎಷ್ಟು ಗಂಟೆಗೆ ಏಳುತ್ತಾಳೆ, ಸೋಪು ಕೊಳ್ಳುವಾಗ ಮೂಸಿ ನೋಡುತ್ತಾಳಾ, ದುಡ್ಡು ಯಾರ ಕೈಯಲ್ಲಿರುತ್ತದೆ? ನಮಗೆ ಕಲಿಸುತ್ತಿದ್ದ ಮೇಡಂ ಜಾಹೀರಾತು ಕಂಪನಿಯಲ್ಲಿ ಇಪ್ಪತ್ತು ವರ್ಷ ದುಡಿದು ಬಂದವರು. 'ಗೃಹಿಣಿ, 25ರಿಂದ 45' ಎಂದು ಬರೆದುಕೊಂಡು ಹೋದರೆ ಹಾಳೆ ವಾಪಸ್ ಕೊಡುತ್ತಿದ್ದರು. ಒಬ್ಬಳನ್ನು ನೋಡಿ ಬನ್ನಿ ಅನ್ನುತ್ತಿದ್ದರು. ಅವರಿಂದ ಕಲಿತ ಇನ್ನೊಂದು ಸಂಗತಿ ಸರ್ವನಾಮದ್ದು. ಒಳ್ಳೆಯ ತಲೆಬರಹದಲ್ಲಿ 'ನೀವು' ಇರಬೇಕು, 'ನಾವು' ಅದರ ಪಕ್ಕದಲ್ಲಿ ಕೈಕಟ್ಟಿ ನಿಂತಿರಬೇಕು. ಬೇಡದ ಸುದ್ದಿಯನ್ನು ಕೊನೆಗೆ ಹಾಕಬೇಕು, ಅಲ್ಲಿ ಯಾರ ಹೆಸರೂ ಇರಬಾರದು. ಎರಡನ್ನೂ ಶ್ರದ್ಧೆಯಿಂದ ಬರೆದುಕೊಂಡೆ.

ಮೂರನೆಯ ವರ್ಷ ತರಬೇತಿಗೆಂದು ಒಂದು ಜಾಹೀರಾತು ಕಂಪನಿಗೆ ಹೋದೆ. ನಾನು ಸಾಲು ಬರೆಯುವ ಕನಸು ಕಂಡಿದ್ದೆ, ಅವರು ನನಗೆ ಕೊಟ್ಟದ್ದು ಪ್ರೂಫ್. ಒಂದು ಸಂಜೆ ನಾಲ್ಕು ಗಂಟೆಗೆ, ದಕ್ಷಿಣದ ನಾಲ್ಕು ಭಾಷೆಗೆ ಹೋಗಬೇಕಾದ ಒಂದು ಹಿಂದಿ ಸಾಲು ಬಂತು. ಕನ್ನಡದವರು ಫೋನ್ ಎತ್ತುತ್ತಿಲ್ಲ, ಆರಕ್ಕೆ ಕಳಿಸಬೇಕು. ಯಾರಿಗಾದರೂ ಕನ್ನಡ ಬರುತ್ತದಾ ಎಂದು ಯಾರೋ ಕೂಗಿದರು. ಕೈ ಎತ್ತಿದೆ. ಅಡುಗೆಮನೆಯ ಭಾಷೆ ಅವತ್ತು ಮೊದಲ ಸಲ ಲಿಫ್ಟ್ ಹತ್ತಿ ಆರನೇ ಮಹಡಿಗೆ ಬಂತು. ಸಾಲು ಹೇಗಿತ್ತೋ ದೇವರಿಗೇ ಗೊತ್ತು. ನನಗೆ ನೆನಪಿರುವುದು ಡಿಸೈನರ್ ಜೊತೆ ಆಡಿದ ಜಗಳ. ಶ್ರೀ-ಲಿಪಿಯಲ್ಲಿ ಟೈಪ್ ಮಾಡಿ ಕೂರಿಸಿದ ಮೇಲೆ ಕನ್ನಡ ಅಗಲಕ್ಕೂ ಬೆಳೆಯಿತು, ಕೆಳಕ್ಕೂ ಇಳಿಯಿತು. ಎರಡನೆಯ ಸಾಲನ್ನು ಮೇಲೆ ಎಳೆದಾಗ ಮೊದಲ ಸಾಲಿನ ಒತ್ತಕ್ಷರಗಳ ಕಾಲು ಕತ್ತರಿಸಿ ಹೋದವು. "ಅದು ಅಲಂಕಾರ ಅಲ್ಲ, ಅಕ್ಷರ" ಎಂದೆ. ಅವನು "ಓದುವವರಿಗೆ ತಿಳಿಯುತ್ತೆ ಬಿಡು" ಎಂದ. ಆ ಹೋರ್ಡಿಂಗ್ ಹುಬ್ಬಳ್ಳಿಯಲ್ಲೋ ಮೈಸೂರಿನಲ್ಲೋ ಕಾಲಿಲ್ಲದೆ ನಿಂತಿರಬೇಕು.

ಸಾಹಿತ್ಯ ನಮ್ಮ ಪದವಿಯಲ್ಲಿ ಉಪ್ಪಿನಕಾಯಿಯ ಲೆಕ್ಕ, ಅದೂ ಇಂಗ್ಲಿಷಿನದು. ಆದರೆ ಅದೇ ವರ್ಷ ಕ್ವಾರ್ಟರ್ಸಿನಲ್ಲಿದ್ದ ಉತ್ತರ ಕನ್ನಡದ ಒಬ್ಬರು, ಅಪ್ಪನ ಸಹೋದ್ಯೋಗಿ, ಯಶವಂತ ಚಿತ್ತಾಲರ 'ಶಿಕಾರಿ'ಯನ್ನು ಕೊಟ್ಟರು. "ಕಾರ್ಪೊರೇಟ್ ಕಂಪನಿ ಸೇರಬೇಕಂತೀಯಲ್ಲ, ಮೊದಲು ಇದನ್ನ ಓದು" ಎಂದರು. ಮುಂಬೈಯ ಕಂಪನಿಯೊಂದರಲ್ಲಿ ದೊಡ್ಡ ಹುದ್ದೆಯಲ್ಲಿರುವ ನಾಗಪ್ಪ, ಏಕೆ ಏನು ತಿಳಿಯದೆ ಕೆಲಸದಿಂದ ಅಮಾನತಾಗುವ ಕಥೆ. ಚಿತ್ತಾಲರೇ ಅಂಥ ಕೈಗಾರಿಕೆಯ ಒಳಗೆ ದುಡಿದವರು. ಕಲ್ಯಾಣ ಲೋಕಲ್ಲಿನಲ್ಲಿ ನಿಂತುಕೊಂಡು ಓದಿದೆ, ಒಂದು ಪುಟಕ್ಕೆ ಐದು ನಿಮಿಷ, ಯಾಕೆಂದರೆ ನನ್ನ ಕನ್ನಡ ಅಷ್ಟೇ ಇತ್ತು. ನಾಗಪ್ಪನಿಗೆ ಏನೋ ಮಾಡಲಾಗುತ್ತಿದೆ, ಮಾಡುತ್ತಿರುವವರು ಯಾರೆಂದು ಹಿಡಿಯಲು ಸಿಗುವುದಿಲ್ಲ. ಆ ಹೆದರಿಕೆ ನನಗೆ ಮೈಗೆ ತಾಗಿತು. ಆದರೆ ಅದಕ್ಕೂ ಮೇಡಂ ಹೇಳಿದ್ದ 'ಅಲ್ಲಿ ಯಾರ ಹೆಸರೂ ಇರಬಾರದು' ಎಂಬುದಕ್ಕೂ ಸಂಬಂಧವಿದೆ ಎಂದು ಆಗ ಕಾಣಲಿಲ್ಲ. ಒಂದನ್ನು ಓದಿದ್ದು ರೈಲಿನಲ್ಲಿ, ಇನ್ನೊಂದನ್ನು ತರಗತಿಯಲ್ಲಿ.

ಸಂಬಂಧ ಇದೆ ಎಂದು ಬಾಯಿಬಿಟ್ಟು ಹೇಳಿದವನು ರೋಮನ್ ಯಾಕೋಬ್ಸನ್, ಎಂ.ಎ.ಯಲ್ಲಿ. ಕಾವ್ಯದ ಬಗ್ಗೆ 1960ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಅವನು ಶ್ಯಾನನನ ಚಿತ್ರಕ್ಕೆ ಸಮೀಪದ ಒಂದು ಚಿತ್ರವನ್ನೇ ಬಿಡಿಸುತ್ತಾನೆ. ಆದರೆ ಪ್ರತಿಯೊಂದು ಮೂಲೆಗೂ ಭಾಷೆಯ ಒಂದೊಂದು ಕೆಲಸವನ್ನು ಕೊಡುತ್ತಾನೆ, ಒಟ್ಟು ಆರು. ಕಾವ್ಯದ ಕೆಲಸ ಕಾವ್ಯದಲ್ಲಿ ಮಾತ್ರ ನಡೆಯುವುದಿಲ್ಲ ಎಂದು ತೋರಿಸಲು ಅವನು ತೆಗೆದುಕೊಂಡದ್ದು ಐಸೆನ್‌ಹೋವರ್ ಚುನಾವಣೆಯ ಘೋಷಣೆ, 'ಐ ಲೈಕ್ ಐಕ್'. ಮೂರೇ ಮೂರು ಗಿಡ್ಡ ಪದಗಳು, ಪ್ರಾಸದೊಳಗೆ ಪ್ರಾಸ, ಇಷ್ಟಪಡುವವನನ್ನು ಇಷ್ಟಕ್ಕೆ ಪಾತ್ರನಾದವನು ಒಳಗೆಳೆದುಕೊಂಡಂತೆ ಕೇಳುವ ನಾದ. ಓದಿ ಖುಷಿಯಾದೆ. ನಾನು ಓದಿದ ನಾಲ್ಕೂ ವಿಷಯಗಳು ಒಂದೇ ಮನೆಯ ಮಕ್ಕಳು ಎಂದು ಒಬ್ಬ ದೊಡ್ಡ ಮನುಷ್ಯ ಹೇಳಿದ ಹಾಗಿತ್ತು. ಅವನ ಪಟ್ಟಿಯಲ್ಲಿ ನನಗೆ ಇಷ್ಟವಾದ ಇನ್ನೊಂದು ಕೆಲಸ, ಸುಮ್ಮನೆ ತಂತಿ ಇನ್ನೂ ಇದೆಯೇ ಎಂದು ಎಳೆದು ನೋಡುವುದು. ಅವ್ವ ದಿನಾ ರಾತ್ರಿ ಫೋನಿನಲ್ಲಿ "ಊಟ ಆತೇನು?" ಎನ್ನುತ್ತಾಳಲ್ಲ, ಅದು. ನಾನು ಏನು ಉಂಡೆ ಎನ್ನುವುದು ಅಲ್ಲಿ ಮುಖ್ಯವಲ್ಲ. ಪುಣೆಯ ಡೆಕ್ಕನ್ ಕಾಲೇಜಿನಲ್ಲೇ ಎ.ಕೆ. ರಾಮಾನುಜನ್ 1958ರಲ್ಲಿ ಭಾಷಾವಿಜ್ಞಾನದ ಡಿಪ್ಲೊಮಾ ಮಾಡಿದ್ದರು ಎಂದು ತಿಳಿದಾಗ, ನಾನೂ ಅದೇ ದಾರಿಯಲ್ಲಿದ್ದೇನೆ ಎಂದು ಒಂದು ವಾರ ಬೀಗಿದ್ದೂ ಉಂಟು. ಅವರು ವಚನಗಳನ್ನು ಅನುವಾದಿಸಲು ಹೋದರು. ನಾನು ವಿಮೆಯ ಕರಪತ್ರಗಳನ್ನು.

ಈಗ ಆ ಕರಪತ್ರದ ವಿಷಯ.

2018ರಲ್ಲಿ ಒಂದು ಅನುವಾದ ಏಜೆನ್ಸಿ ಹಿರಿಯ ನಾಗರಿಕರ ಆರೋಗ್ಯ ವಿಮೆಯ ಕರಪತ್ರ ಕಳಿಸಿತು. ಪದಕ್ಕೆ ಒಂದೂವರೆ ರೂಪಾಯಿ, ಇಂಗ್ಲಿಷ್ ಪದದ ಲೆಕ್ಕ. ತಲೆಬರಹಕ್ಕೆ ನಾನು ಅರ್ಧ ದಿನ ಕೊಟ್ಟೆ. 'ನೀವು ನೆಮ್ಮದಿಯಾಗಿರಿ, ಆಸ್ಪತ್ರೆಯ ಖರ್ಚು ನಾವು ನೋಡಿಕೊಳ್ಳುತ್ತೇವೆ' ಎಂಬ ಧಾಟಿಯದು. ಮೇಡಂ ನೋಡಿದ್ದರೆ ಬೆನ್ನು ತಟ್ಟುತ್ತಿದ್ದರು. ಒಳಗಡೆ ಷರತ್ತುಗಳಿದ್ದವು, ಅವನ್ನು ರಾತ್ರಿ ಹನ್ನೊಂದರ ಮೇಲೆ ಮಾಡಿದೆ. ಅದರಲ್ಲಿ ಒಂದು ವಾಕ್ಯ, ಇಂಗ್ಲಿಷಿನಲ್ಲಿ ಒಂಬತ್ತು ಪದ. ನಾನು ಬರೆದದ್ದು: 'ಪ್ರತಿಯೊಂದು ಸ್ವೀಕಾರಾರ್ಹ ಕ್ಲೇಮಿಗೂ ಶೇ. 20ರ ಸಹ-ಪಾವತಿ ಅನ್ವಯಿಸುತ್ತದೆ.' ಏಜೆನ್ಸಿಯ ಪದಪಟ್ಟಿಯಲ್ಲಿ ಕೋ-ಪೇಮೆಂಟಿಗೆ ಸಹ-ಪಾವತಿ ಅಂತಲೇ ಇತ್ತು. ಕ್ಲೇಮು ಎಂಬುದು ಮಾತ್ರ ನನ್ನ ಹಟ. ಅವರು ಕ್ಲೈಮ್ ಎನ್ನಿ ಅಂದರು, ಜನ ಹಾಗೆ ಹೇಳುವುದಿಲ್ಲ ಎಂದು ಎರಡು ಮೇಲ್ ಬರೆದು ಗೆದ್ದೆ. ಜನರ ಮಾತಿನ ಬಗ್ಗೆ ನನಗಿದ್ದ ಕಾಳಜಿಯೆಲ್ಲ ಆ ಒಂದು ಸ್ವರದಲ್ಲಿ ಖರ್ಚಾಯಿತು.

ನಮ್ಮ ಕಸುಬಿನಲ್ಲಿ ಟ್ರಾನ್ಸ್‌ಲೇಶನ್ ಮೆಮೊರಿ ಎಂದು ಒಂದು ಇದೆ. ನೀವು ಅನುವಾದಿಸಿದ ಒಂದೊಂದು ವಾಕ್ಯವೂ ಮೂಲದ ಜೊತೆ ಜೋಡಿಯಾಗಿ ಅದರಲ್ಲಿ ಸೇರಿಕೊಳ್ಳುತ್ತದೆ. ಮುಂದೆ ಅದೇ ಇಂಗ್ಲಿಷ್ ವಾಕ್ಯ ಎಲ್ಲೇ ಬಂದರೂ ಹಳೆಯ ಕನ್ನಡ ತಾನಾಗಿ ಬಂದು ಕೂರುತ್ತದೆ. ಬೇರೆ ಅನುವಾದಕ ಅದನ್ನು ಮುಟ್ಟುವುದಿಲ್ಲ, ಮುಟ್ಟಿದರೆ ದುಡ್ಡು ಸಿಗುವುದಿಲ್ಲ. ಹಾಗಾಗಿ ನಮ್ಮ ವಾಕ್ಯಗಳು ನಮಗೆ ಗೊತ್ತಿಲ್ಲದೆ ಊರೂರು ತಿರುಗುತ್ತಿರುತ್ತವೆ.

2023ರ ನವೆಂಬರಿನಲ್ಲಿ ಅವ್ವನ ಅಣ್ಣ, ನನ್ನ ಸೋದರಮಾವ, ಹೊಲದ ಬದುವಿನ ಮೇಲೆ ಜಾರಿ ಬಿದ್ದು ಚಪ್ಪೆಯ ಎಲುಬು ಮುರಿದುಕೊಂಡ. ಅರವತ್ತೆಂಟು ವರ್ಷ. ಸೊಲ್ಲಾಪುರಕ್ಕೆ ಕರೆದೊಯ್ದು ಆಪರೇಷನ್ ಮಾಡಿಸಿದರು. ಬಿಲ್ಲು 2,40,000. ಹಿಂದಿನ ವರ್ಷವಷ್ಟೇ ಬ್ಯಾಂಕಿನಲ್ಲಿ ಹೇಳಿದರೆಂದು ವಿಮೆ ಮಾಡಿಸಿದ್ದ, ಆದ್ದರಿಂದ ಯಾರೂ ಗಾಬರಿಯಾಗಿರಲಿಲ್ಲ. ಬಿಡುಗಡೆಯ ದಿನ ದವಾಖಾನಿಯ ಕೌಂಟರಿನಲ್ಲಿ 48,000 ಕಟ್ಟಿ ಅಂದರು. ತೊಗರಿ ಇನ್ನೂ ಹೊಲದಲ್ಲಿತ್ತು. ಆ ಪೈಕಿಯ ಮೇಲೆ ಅಡತಿ ಅಂಗಡಿಯಲ್ಲಿ ಸಾಲ ಎತ್ತಿ ತಂದು ಕಟ್ಟಿದರು. ಆಮೇಲೆ ಮಾವ ನನಗೆ ಫೋನು ಮಾಡಿದ.

"ತಮ್ಮಾ, ಕಾಗದಾ ವಾಟ್ಸಾಪಿಗಿ ಕಳಸೀನಿ ನೋಡು. ನೂರಕ್ಕ ಇಪ್ಪತ್ತು ಅವ್ರು ಸಹ ಕೊಡ್ತೀವಂತ ಬರದಾರ. ಈಗ ನೀನೇ ಕೊಡು ಅಂತಾರ. ನೀ ಇಂಗ್ಲಿಷ್ ಬಲ್ಲಂವ, ಒಂದು ಅರ್ಜಿ ಬರಿ."

ಮಾವ ಏಳನೇ ಇಯತ್ತೆ ಓದಿದವನು. ದಿನಾ ಪೇಪರು ಓದುತ್ತಾನೆ, ಓದದೆ ಸಹಿ ಹಾಕುವವನಲ್ಲ. ಫೋಟೊ ತೆರೆದೆ. ಬೇರೆ ಕಂಪನಿ, ಬೇರೆ ಬಣ್ಣ, ಬೇರೆ ತಲೆಬರಹ. ಎರಡನೆಯ ಪುಟದಲ್ಲಿ ಆರನೆಯ ಅಂಶ: ಪ್ರತಿಯೊಂದು ಸ್ವೀಕಾರಾರ್ಹ ಕ್ಲೇಮಿಗೂ. ಹಳೆಯ ಹಾರ್ಡ್ ಡಿಸ್ಕಿನಿಂದ 2018ರ ಫೈಲು ತೆಗೆದು ಪಕ್ಕದಲ್ಲಿಟ್ಟೆ. ಅಡ್ಡಗೆರೆಯೂ ಸೇರಿ ಒಂದಕ್ಷರ ಬದಲಾಗಿರಲಿಲ್ಲ.

ಮಾವ ಓದಿದ್ದು ತಪ್ಪಲ್ಲ, ಅದನ್ನು ಎಷ್ಟು ಸಲ ತಿರುಗಿಸಿ ನೋಡಿದರೂ ತಪ್ಪಲ್ಲ. ಕನ್ನಡದಲ್ಲಿ ಸಹ ಅಂದರೆ ಕೂಡ. ನಾನು ಸಹ ಬರುತ್ತೇನೆ, ಅವರು ಸಹ ಕೊಡುತ್ತಾರೆ. ಸಂಸ್ಕೃತದ ಸಹಭೋಜನ, ಸಹಪಾಠಿಗಳಿಂದ ಎತ್ತಿ ತಂದ 'ಸಹ' ಅದೆಂದು ಊಹಿಸಲು ಪದಪಟ್ಟಿ ಮಾಡಿದವರ ತಲೆಯೊಳಗೆ ಹೋಗಬೇಕು. ವಾಕ್ಯದ ಉಳಿದ ಭಾಗವಾದರೂ ದಾರಿ ತೋರಿಸುತ್ತದೆಯೇ ಎಂದರೆ ಅದೂ ಇಲ್ಲ. ಕನ್ನಡದ ಕ್ರಿಯಾಪದ ಯಾರದೆಂಬುದನ್ನು ಬಾಲದಲ್ಲೇ ಹೊತ್ತಿರುತ್ತದೆ: ಕೊಡುತ್ತೇವೆ, ಕೊಡುತ್ತೀರಿ, ಕೊಡುತ್ತಾರೆ. ಆಡುವ ಮಾತಿನಲ್ಲಿ ಕರ್ತೃವನ್ನು ಬಿಟ್ಟರೂ ನಡೆಯುವುದು ಇದರಿಂದಲೇ. ನಾನು ಆರಿಸಿದ ಕ್ರಿಯಾಪದ 'ಅನ್ವಯಿಸುತ್ತದೆ'. ಅದರ ಬಾಲದಲ್ಲಿರುವುದು 'ಅದು'. ಕೊಡುವವರು ಯಾರೆಂದು ಹೇಳದೆ ಇರಲು ಕನ್ನಡದಲ್ಲಿ ಇರುವ ಅಚ್ಚುಕಟ್ಟಾದ ಉಪಾಯಗಳಲ್ಲಿ ಒಂದನ್ನು, ಭಾಷಾವಿಜ್ಞಾನ ಓದಿದ ನಾನು, ನಿದ್ದೆಗಣ್ಣಿನಲ್ಲಿ ಹುಡುಕಿ ಹಾಕಿದ್ದೆ. ತಲೆಬರಹದಲ್ಲಿ ನೀವೂ ಇದ್ದಿರಿ, ನಾವೂ ಇದ್ದೆವು. ಆರನೆಯ ಅಂಶದಲ್ಲಿ ಯಾರೂ ಇರಲಿಲ್ಲ. ಅಲ್ಲಿ ಯಾರೂ ಇಲ್ಲದ್ದರಿಂದ ಮಾವ, ತಲೆಬರಹದಲ್ಲಿ ಮಾತು ಕೊಟ್ಟವರನ್ನೇ ಕರೆತಂದು ಕೂರಿಸಿಕೊಂಡ. ಓದುಗ ಇನ್ನೇನು ಮಾಡುತ್ತಾನೆ?

ಅರ್ಜಿ ಬರೆಯಲು ಕೂತೆ. ಕರಪತ್ರದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು: ಯಾವುದೇ ವಿವಾದ ಉಂಟಾದಲ್ಲಿ ಇಂಗ್ಲಿಷ್ ಪಠ್ಯವೇ ಅಂತಿಮವಾಗಿರುತ್ತದೆ. ಅದೂ ನನ್ನದೇ.

ಎರಡು ದಿನ ಮಾವನಿಗೆ ಏನೂ ಹೇಳಲಿಲ್ಲ. ಅವ್ವನಿಗೆ ಹೇಳಿದೆ. ಅವಳು ಬೈಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. "ಅಣ್ಣಗ ನೀನೇ ಹೇಳು" ಎಂದಳು. ಹೇಳಿದೆ. ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ:

"ಅದೊಂದು ಸಾಲಿಗಿ ನಿಂಗ ಎಷ್ಟ್ ಕೊಟ್ಟಿದ್ರು?"

ಲೆಕ್ಕ ಹಾಕಿದೆ. ಒಂಬತ್ತು ಪದ. "ಹದಿಮೂರುವರಿ ರೂಪಾಯಿ."

ಮಾವ ನಕ್ಕ. ನಗು ಮುಗಿದ ಮೇಲೆ, "ನಂಗ ಕೇಳಿದ್ರ ಪುಕ್ಕಟ ಹೇಳ್ತಿದ್ದೆ" ಎಂದ. ಅಷ್ಟೇ. ನಾನು ಇಪ್ಪತ್ತು ಸಾವಿರ ಕಳಿಸಿದೆ, ವಾಪಸ್ ಹಾಕಿದ. ಸಂಕ್ರಾಂತಿಯ ಮೇಲೆ ಅಡತಿಯವನ ಬಡ್ಡಿ ಏರಿದಾಗ ಅವ್ವನ ಮೂಲಕ ಮತ್ತೆ ಕಳಿಸಿದೆ, ಇಟ್ಟುಕೊಂಡ. ಕೋಲು ಹಿಡಿದು ಹೊಲಕ್ಕೆ ಹೋಗುತ್ತಾನೆ ಈಗ. ಆ ವಿಷಯ ಇಬ್ಬರೂ ಎತ್ತುವುದಿಲ್ಲ.

ಏಜೆನ್ಸಿಗೆ ಬರೆದೆ. ನನ್ನ ಹಳೆಯ ವಾಕ್ಯ ದಾರಿತಪ್ಪಿಸುತ್ತದೆ, ಹೀಗೆ ಬದಲಿಸಿ: 'ಒಪ್ಪಿಗೆಯಾದ ಬಿಲ್ಲಿನಲ್ಲಿ ನೂರಕ್ಕೆ 20 ರೂಪಾಯಿ ನೀವೇ ಕಟ್ಟಬೇಕು, ಉಳಿದ 80 ನಾವು ಕಟ್ಟುತ್ತೇವೆ.' ಮರುದಿನ ಉತ್ತರ ಬಂತು. ಆ ವಾಕ್ಯವನ್ನು ಕಂಪನಿಯ ಕಾನೂನು ವಿಭಾಗ ಒಪ್ಪಿದೆ, ಬದಲಿಸಲು ಅವಕಾಶವಿಲ್ಲ, ನಿಮ್ಮ ಸಲಹೆಯನ್ನು ದಾಖಲಿಸಿಕೊಳ್ಳಲಾಗಿದೆ. ದಾಖಲಿಸಿಕೊಂಡವರು ಯಾರು ಎಂದು ಆ ಪತ್ರದಲ್ಲೂ ಇರಲಿಲ್ಲ. 'ಶಿಕಾರಿ' ನೆನಪಾಯಿತು. ಆ ಪತ್ರದ ಕನ್ನಡಕ್ಕೆ ನಾನೇ ನೂರಾರು ಸಾಲು ದುಡಿದಿದ್ದೇನೆ ಎಂಬುದೂ ನೆನಪಾಯಿತು.

ಕೆಲಸ ಬಿಟ್ಟೆನೇ ಎಂದು ಒಬ್ಬ ಗೆಳೆಯ ಕೇಳಿದ. ಇಲ್ಲ. ಬಾಡಿಗೆ ಇದೆ. ಕಥೆ ಕಾದಂಬರಿ ಅನುವಾದಿಸಿ ಬದುಕುವ ಕನ್ನಡದ ಅನುವಾದಕರನ್ನು ನಾನಿನ್ನೂ ಕಂಡಿಲ್ಲ. ಆದರೆ ಈಗ ಷರತ್ತುಗಳನ್ನು ರಾತ್ರಿ ಮಾಡುವುದಿಲ್ಲ, ತಲೆಬರಹವನ್ನು ರಾತ್ರಿ ಮಾಡುತ್ತೇನೆ. ಸಂಜೆ ಏಳರ ಸುಮಾರಿಗೆ ಅವ್ವನಿಗೆ ಫೋನು ಹಚ್ಚುತ್ತೇನೆ. ಅಪ್ಪ ನಿವೃತ್ತರಾದ ಮೇಲೆ ಅವರು ಕಲಬುರಗಿಯಲ್ಲೇ ಇದ್ದಾರೆ. ಊಟ ಆತೇನು ಎಂಬುದು ಮುಗಿದ ಮೇಲೆ ಒಂದೊಂದೇ ವಾಕ್ಯ ಓದುತ್ತೇನೆ. ತಿಳಿಯಿತಾ ಎಂದು ಕೇಳುವುದಿಲ್ಲ, ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ. ಇದನ್ನೇ ಮಾವನಿಗೆ ಹೇಳಬೇಕಾದರೆ ಹೇಗೆ ಹೇಳುತ್ತೀ ಎಂದು ಕೇಳುತ್ತೇನೆ. ಅವಳು ಹೇಳುತ್ತಾಳೆ, ನಾನು ಟೈಪ್ ಮಾಡಿಕೊಳ್ಳುತ್ತೇನೆ. ಆಮೇಲೆ ದಾವಣಗೆರೆಗೂ ಕಾರವಾರಕ್ಕೂ ತಿಳಿಯುವ ಹಾಗೆ ಅದನ್ನು ಸ್ವಲ್ಪ ತಿದ್ದುತ್ತೇನೆ. ಅರ್ಧಕ್ಕರ್ಧ ಏಜೆನ್ಸಿಯಿಂದ ವಾಪಸ್ ಬರುತ್ತದೆ, 'ತೀರಾ ಆಡುಮಾತು' ಎಂಬ ಷರಾ ಹೊತ್ತು. ಅರ್ಧ ಉಳಿಯುತ್ತದೆ.

ನಿನ್ನೆ ಓದಿದ್ದು ಕೊಠಡಿ ಬಾಡಿಗೆಯ ಮಿತಿಯ ವಾಕ್ಯ. ವಿಮೆಯಲ್ಲಿ ದಿನಕ್ಕೆ ಇಷ್ಟು ಎಂದು ಇರುತ್ತದೆ. ಅದಕ್ಕಿಂತ ದುಬಾರಿ ಕೋಣೆ ಹಿಡಿದರೆ ಕೋಣೆಯ ಬಾಡಿಗೆ ಮಾತ್ರವಲ್ಲ, ಡಾಕ್ಟರ ಫೀ, ಆಪರೇಷನ್ ಖರ್ಚಿನಲ್ಲೂ ಅದೇ ಪ್ರಮಾಣದಲ್ಲಿ ಕಡಿತವಾಗುತ್ತದೆ. ನಾನು ನಾಲ್ಕು ರೀತಿಯಲ್ಲಿ ಹೇಳಿ ನೋಡಿದೆ. ಅವ್ವ ನಾಲ್ಕನ್ನೂ ಕೇಳಿಸಿಕೊಂಡಳು.

"ಕೋಣಿ ದೊಡ್ಡದು ಹಿಡದ್ರ ಡಾಕ್ಟರಿಗೂ ರೊಕ್ಕಾ ಕಡಿಮಿ ಕೊಡ್ತಾರಾ?"

"ಹೌದು."

"ಯಾಕ?"

ಯಾಕೆ ಎನ್ನುವುದು ಮೂಲದಲ್ಲಿ ಇಲ್ಲ. ಫೈಲು ನಾಳೆ ಹನ್ನೊಂದಕ್ಕೆ ಹೋಗಬೇಕು. "ತಡಿ, ಕುಕ್ಕರ್ ಇಳಸಿ ಬರ್ತೀನಿ, ಬಂದು ಹೇಳ್ತೀನಿ" ಎಂದು ಅವ್ವ ಫೋನು ಕಟ್ಟೆಯ ಮೇಲಿಟ್ಟು ಹೋದಳು. ನಾನು ಹಿಡಿದುಕೊಂಡೇ ಕೂತೆ.